ಮೂರು ಸಲ ಕೇಳಬೇಕು

ನನ್ನ ಹೆಸರು ಪುಷ್ಪಮ್ಮ. ರಂಗಮ್ಮನ ಮೊಣಕಾಲು ಅದುಮಿ ಹಿಡಿದವಳು ನಾನು. ಇನ್ನೊಂದು ಕೈಯಲ್ಲಿ ಟಾರ್ಚು ಹಿಡಿದವಳೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಡಾಕ್ಟರ ವಿಷಯ, ಕಾಂಪೌಂಡರನ ವಿಷಯ ಬರೆಯುವಾಗ ನಾನು ಬೇರೆ ಕಡೆ ನಿಂತಿದ್ದೆ ಅಂತ ಯಾರೂ ತಿಳಿಯಬಾರದು.

ಹೊಸನಗರದಿಂದ ಹುಲಿಕಲ್ ಕಡೆಗೆ ಹೋಗುವ ರಸ್ತೆಯಲ್ಲಿ, ಹೊನ್ನೆಕೊಪ್ಪದ ತಿರುವಿನಲ್ಲಿ ದವಾಖಾನೆ. ಎರಡು ಕೋಣೆ, ಒಂದು ಜಗುಲಿ, ಒಂದು ಕಬ್ಬಿಣದ ಮೇಜು. ನಾನು ಅಲ್ಲಿಯ ನರ್ಸು. ದೀವರ ಭೂತಪ್ಪನ ಮಗಳು. ನಮ್ಮ ಕೇರಿಯಲ್ಲಿ ರುಜು ಹಾಕುವುದಕ್ಕೆ ಕಲಿತ ಮೊದಲ ಹೆಂಗಸು. ಡಾಕ್ಟರ್ ಮುಕುಂದಯ್ಯ ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. "ಏ ಹುಡುಗಿ" ಅಂದರೆ ನಾನು. ರೋಗಿಯ ರಕ್ತ ನಾನು ಮುಟ್ಟಬಹುದು. ಕೀವು ಮುಟ್ಟಬಹುದು. ಅವರ ಮೇಜಿನ ಮೇಲಿನ ಕುಡಿಯುವ ನೀರಿನ ಹೂಜಿ ಮಾತ್ರ ಮುಟ್ಟುವಂತಿರಲಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಮೊದಲ ದಿನ ನಾನು ನೀರು ತುಂಬಿಸಿ ಇಟ್ಟೆ. ಅವರು ಕಿಟಕಿಯಿಂದ ಹೊರಗೆ ಚೆಲ್ಲಿದರು. ಅಷ್ಟೇ. ಕಲಿತುಕೊಂಡೆ.

ಟ್ರೇನಿಂಗಿನಲ್ಲಿ ಒಬ್ಬರು ಮೇಡಂ ನಮಗೆ ನೋಟ್ಸು ಬರೆಸಿದ್ದರು. ರೋಗಿಯ ಒಪ್ಪಿಗೆ ಇಲ್ಲದೆ ಆಕೆಯ ಮೈ ಮುಟ್ಟಬಾರದು. ಆಕೆಯ ಗುಟ್ಟು ಬೇರೆಯವರಿಗೆ ಬಿಡಬಾರದು. ಆಗದೆ ಇದ್ದದ್ದನ್ನು ಆಯಿತು ಎಂದು ಬರೆಯಬಾರದು. ಬೇರೆ ಹುಡುಗಿಯರು ಬಾಯಿಪಾಠ ಮಾಡಿದರು. ನಾನು ಮಾಡಲಿಲ್ಲ. ಇದನ್ನೆಲ್ಲ ನನ್ನ ಅಜ್ಜಿ ಕೆರಿಯಮ್ಮ ನನಗೆ ಐದು ವರ್ಷಕ್ಕೇ ಹೇಳಿದ್ದಳು.

ಅಜ್ಜಿ ಸೂಲಗಿತ್ತಿ. ಅಕ್ಷರ ಗೊತ್ತಿಲ್ಲ. ಅವಳದ್ದೊಂದು ಕ್ರಮ ಇತ್ತು. ಬೇನೆ ತಿನ್ನುವ ಹೆಂಗಸು ಎಷ್ಟೇ ಕೂಗಲಿ, ಅಜ್ಜಿ ಹೋಗಿ ಎದುರಿಗೆ ಕೂತು, ಎರಡೂ ಕೈ ಮೇಲೆತ್ತಿ ತೋರಿಸಿ ಕೇಳುತ್ತಿದ್ದಳು.

"ಮುಟ್ಲೇನವ್ವ?"

ಮೂರು ಸಲ ಕೇಳಬೇಕು. ಮೊದಲ ಸಲ ಹೆದರಿಕೆ ಉತ್ತರ ಹೇಳುತ್ತೆ, ಎರಡನೇ ಸಲ ನಾಚಿಕೆ ಹೇಳುತ್ತೆ, ಮೂರನೇ ಸಲವೇ ಅವಳು ಹೇಳೋದು ಅಂತ ಅಜ್ಜಿ ಅನ್ನುತ್ತಿದ್ದಳು. ಹೂಂ ಅಂದ ಮೇಲೆ ಕೈ ಇಡುವುದು. ಎಲ್ಲ ಮುಗಿದ ಮೇಲೆ ಹೊಸಿಲಿನಾಚೆ ಕೈ ತೊಳೆದು, "ಕಂಡದ್ದು ನೀರಿಗೆ ಬಿಟ್ಟೆ" ಅನ್ನುವುದು. ಆ ಮನೆಯಲ್ಲಿ ಏನು ನೋಡಿದಳೋ ಅದು ಇನ್ನೊಂದು ಮನೆಗೆ ಬರುತ್ತಿರಲಿಲ್ಲ.

ಅದಕ್ಕೊಂದು ಕಥೆಯೂ ಇತ್ತು. ಹುಲಿಕಲ್ ಘಾಟಿಯಲ್ಲಿ ಒಬ್ಬಳು ಸೂಲಗಿತ್ತಿ ಸೌದೆ ತರಲು ಹೋದಾಗ ಗಬ್ಬದ ಹುಲಿ ದಾರಿಗೆ ಅಡ್ಡ ಮಲಗಿತ್ತಂತೆ. ಮರಿ ಅಡ್ಡ ಸಿಕ್ಕಿಕೊಂಡಿದೆ. ಸೂಲಗಿತ್ತಿ ಕುಕ್ಕರುಗಾಲಲ್ಲಿ ಕೂತು ಕೇಳಿದಳು: ಮುಟ್ಲೇನವ್ವ? ಹುಲಿ ಗುರ್ ಅಂತು. ಇನ್ನೊಂದು ಸಲ ಕೇಳಿದಳು. ಹಲ್ಲು ತೋರಿಸಿತು. ಮೂರನೇ ಸಲ ಕೇಳಿದಾಗ ತಲೆ ನೆಲಕ್ಕೆ ಇಟ್ಟಿತು. ಆಮೇಲೆ ಮುಟ್ಟಿದಳು.

"ಕೇಳ್ದೆ ಮುಟ್ಟಿದ್ರೆ ಎಂತ ಆಗ್ತಿತ್ತು ಅಜ್ಜಿ?"

"ತಿಂತಿತ್ತು. ಮತ್ತೆಂತ? ಹುಲಿಗೆ ಹಲ್ಲಿದೆ, ತಿನ್ನುತ್ತೆ. ಹೆಂಗಸಿಗೆ ಹಲ್ಲಿಲ್ಲ ಅಂತ ಕೇಳ್ದೆ ಮುಟ್ಟೋದಾ?"

ಈ ಕಥೆಯನ್ನು ಕನಸಿನಲ್ಲಿ ಎಷ್ಟು ಸಲ ಕಂಡಿದ್ದೇನೋ. ನನ್ನ ಕನಸಿನ ಹುಲಿಗೆ ರಂಗಕ್ಕನ ಕಣ್ಣು ಇರುತ್ತಿತ್ತು.

ರಂಗಮ್ಮ ನನಗೆ ರಂಗಕ್ಕ, ನಮ್ಮ ಪಕ್ಕದ ಮನೆಯವಳು. ಶರಾವತಿ ದಂಡೆಯ ಆ ಊರು ಈಗ ಲಿಂಗನಮಕ್ಕಿಯ ನೀರಿನ ಅಡಿಗಿದೆ. ಹೆಸರು ಹೇಳಿ ಉಪಯೋಗವಿಲ್ಲ. ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಮದುವೆಯಾಗಿ ಬಂದ ಹೊಸತು. ಸಾಲೆ ಹೊಳೆಯಾಚೆ ಇತ್ತು. ಬೇಸಿಗೆಯಲ್ಲಿ ಹೊಳೆ ಇಳಿದಾಗ ದೋಣಿ ಇಲ್ಲ, ನೀರು ಎದೆಮಟ್ಟ. ನನ್ನನ್ನು ಬೆನ್ನ ಮೇಲೆ ಹೊತ್ತು ದಾಟಿಸುತ್ತಿದ್ದವಳು ಅವಳು. "ಬಿಗಿಯಾಗಿ ಹಿಡ್ಕೊ ಪುಷ್ಪಿ, ಪುಸ್ತಕ ನೆನೆದ್ರೆ ಮಾಸ್ತರ ಹತ್ರ ನನಗೆ ಬೈಸ್ತೀಯ" ಅನ್ನುತ್ತಿದ್ದಳು. ನಾನು ರುಜು ಕಲಿತದ್ದು ಆ ಬೆನ್ನ ಮೇಲೆ.

ಆಮೇಲೆ ನೀರು ಏರಿತು. ಕಚೇರಿಯವರು ಕಾಗದ ತಂದರು. ಒತ್ತು ಅಂದರು, ಅಪ್ಪ ಹೆಬ್ಬೆಟ್ಟು ಒತ್ತಿದ. ಎಂತ ಬರೆದಿದೆ ಅಂತ ಕೇಳಲಿಲ್ಲ. ಕೇಳುವ ಅಭ್ಯಾಸ ನಮಗಿರಲಿಲ್ಲ. ಜಮೀನು ಗೇಣಿಯದ್ದು, ಪರಿಹಾರ ಒಡೆಯರದ್ದು. ನಮಗೆ ಬಂದದ್ದು ಒಂದು ಲಾರಿ. ಕೋಳಿ, ಒರಳು, ಅಜ್ಜಿ, ರಂಗಕ್ಕ ಎಲ್ಲರನ್ನೂ ಒಂದೇ ಲಾರಿಗೆ ತುಂಬಿ ಹೊನ್ನೆಕೊಪ್ಪದ ಕಾಡಿನಲ್ಲಿ ಇಳಿಸಿ ಹೋದರು. ಆ ದಿನ ಅಪ್ಪ ತನ್ನ ಹೆಬ್ಬೆಟ್ಟನ್ನು ನನ್ನ ಮುಖದ ಮುಂದೆ ಹಿಡಿದು ಹೇಳಿದ: "ಇದು ನೋಡು ಊರು ಮುಳುಗ್ಸಿದ್ದು. ನೀನು ಮಾತ್ರ ಯಾರಿಗೂ ಹೆಬ್ಬೆಟ್ಟು ಕೊಡಬ್ಯಾಡ."

ಈಗ ಆ ದಿನಕ್ಕೆ ಬರುತ್ತೇನೆ. ಅರವತ್ತಾರನೇ ಇಸವಿ, ಮೇ ತಿಂಗಳ ಕೊನೆಯ ದಿನ.

ರಂಗಕ್ಕ ಹೆತ್ತು ಎರಡು ತಿಂಗಳಾಗಿತ್ತು. ಮಗು ಉಳಿದಿರಲಿಲ್ಲ. ಹುಟ್ಟಿ ಒಂದು ಹಗಲು ಇತ್ತು, ಹೋಯಿತು. ಎದೆಹಾಲು ಬತ್ತಿಸಲು ಅಜ್ಜಿ ಮಲ್ಲಿಗೆ ಹೂ ಕಟ್ಟಿದ್ದಳು. ಈಗ ಕಿಬ್ಬೊಟ್ಟೆ ನೋವು ಅಂತ ದವಾಖಾನೆಗೆ ಬಂದಿದ್ದಳು. ಡಾಕ್ಟರು ಗೋಡೆಯ ಕ್ಯಾಲೆಂಡರು ನೋಡಿದರು. ಆ ತಿಂಗಳು ಇಷ್ಟು ಜನಕ್ಕೆ ಲೂಪು ಹಾಕಬೇಕು ಅಂತ ಮೇಲಿನಿಂದ ಬಂದಿತ್ತು. ಜನ ಅದನ್ನು ವಂಕಿ ಅನ್ನುತ್ತಿದ್ದರು. ಮಕ್ಕಳಾಗದ ಹಾಗೆ ಗರ್ಭದೊಳಗೆ ಇಡುವುದು. ಬಿಳಿ ಪ್ಲಾಸ್ಟಿಕ್ಕು, ಹಾವಿನ ಮರಿಯ ಹಾಗೆ ತಿರುಚಿದ್ದು, ತುದಿಗೆ ದಾರ. ನಮ್ಮ ದವಾಖಾನೆಯ ಟಾರ್ಗೆಟ್ಟಿಗೆ ಇನ್ನೂ ಐದು ಕಡಿಮೆ ಇತ್ತು.

"ಮಲಗಿಸು" ಅಂದರು.

"ಸಾರ್, ಅವರಿಗೆ ಮಗು ಇಲ್ಲ. ಹುಟ್ಟಿದ್ದು ಹೋಯ್ತು" ಅಂದೆ.

"ನಿನ್ನ ಕೇಳಿದೆನಾ? ಒಳಗೆ ಚೊಕ್ಕ ಮಾಡಬೇಕು. ಕಾಲು ಹಿಡಿ."

ಹಿಡಿದೆ. ರಂಗಕ್ಕನ ತೊಡೆ ನಡುಗುತ್ತಿತ್ತು. ಮೇಜು ತಣ್ಣಗಿತ್ತು. ಡಾಕ್ಟರು ಅವಳ ಮುಖ ಒಂದು ಸಲವೂ ನೋಡಲಿಲ್ಲ. ಅವಳು ಕತ್ತೆತ್ತಿ ನನ್ನ ಮುಖ ನೋಡಿದಳು.

"ಎಂತ ಹಾಕ್ತಾ ಇದಾರೆ ಪುಷ್ಪಿ?"

ನಾನು ಹೇಳಿದೆ. ಈ ಬಾಯಿಂದಲೇ ಹೇಳಿದೆ.

"ಔಷಧಿ ಅಕ್ಕ. ಸುಮ್ನೆ ಇರು."

ಅವಳು ಸುಮ್ಮನಾದಳು. ನಾನು ಹೇಳಿದೆ ಅಂತ ಸುಮ್ಮನಾದಳು.

ಆಮೇಲೆ ಒಂದೂವರೆ ವರ್ಷ. ರಂಗಕ್ಕನಿಗೆ ರಕ್ತ ನಿಲ್ಲುತ್ತಿರಲಿಲ್ಲ. ತಿಂಗಳಲ್ಲಿ ಹದಿನೈದು ದಿನ ಹೋಗುತ್ತಿತ್ತು. ಅಷ್ಟೂ ದಿನ ಕೊಟ್ಟಿಗೆಯ ಪಕ್ಕದ ಮೂಲೆಯಲ್ಲಿ ಹೊರಗೆ ಕೂರಬೇಕು. ಅತ್ತೆ ಗಂಜಿಯನ್ನು ತೆಂಗಿನ ಗರಟೆಗೆ ದೂರದಿಂದ ಸುರಿಯುತ್ತಿದ್ದಳು. ಉಳಿದ ಹದಿನೈದು ದಿನ ಮೈಯಲ್ಲಿ ರಕ್ತ ಇಲ್ಲದೆ ಗದ್ದೆ ಕೆಲಸ. ಉಗುರು ಸುಣ್ಣದ ಹಾಗೆ ಬೆಳ್ಳಗಾಯಿತು. ಬಸಿರು ನಿಲ್ಲಲಿಲ್ಲ. ಕೇರಿಯಲ್ಲಿ ಬಸುರಿಯ ಬಯಕೆ ಊಟಕ್ಕೆ ಅವಳನ್ನು ಕರೆಯುವುದು ಬಿಟ್ಟರು. ಕರೆಯದೆ ಒಂದು ಸಲ ಹೋದಳು. ಬಸುರಿಯ ತಾಯಿ ಬಾಗಿಲಿಗೆ ಅಡ್ಡ ನಿಂತು, "ನೀ ಹಿತ್ಲ ಕಡೆ ಕೂತು ಉಣ್ಣು ರಂಗಿ, ಹುಡುಗಿ ಮೇಲೆ ನೆರಳು ಬೀಳಾದು ಬ್ಯಾಡ" ಅಂದಳು. ರಂಗಕ್ಕ ಉಣ್ಣದೆ ಬಂದಳು.

ದವಾಖಾನೆಗೆ ಎಷ್ಟು ಸಲ ಬಂದಳೋ. ಡಾಕ್ಟರು ಕೆಂಪು ಮಾತ್ರೆ ಕೊಟ್ಟು ಕಳಿಸುತ್ತಿದ್ದರು. ಅವಳು ಜಗುಲಿಯಲ್ಲಿ ನನ್ನ ಸೆರಗು ಹಿಡಿದು ಕೇಳುತ್ತಿದ್ದಳು.

"ನೀನು ಓದಿದವ್ಳು ಪುಷ್ಪಿ. ನನ್ನ ಹೊಟ್ಟೆಯೊಳಗೆ ಎಂತ ಆಗಿದೆ ಅಂತ ಹೇಳೇ. ಆ ಮಗೂನ ಶಾಪ ಅಂತಾರೆ ಅತ್ತೆ. ಮಗು ಶಾಪ ಹಾಕುತ್ತೇನೆ? ಕಣ್ಣೇ ಬಿಟ್ಟಿರ್ಲಿಲ್ಲಲ್ಲ ಅದು."

ನಾನು ಕೆಂಪು ಮಾತ್ರೆ ಕಟ್ಟಿಕೊಡುತ್ತಿದ್ದೆ.

ಒಂದು ದಿನ ತಡೆಯಲಾರದೆ ಡಾಕ್ಟರ ಹತ್ತಿರ ಹೋದೆ. "ಸಾರ್, ಅವರಿಗೆ ಹೇಳಿ ತೆಗೆದುಬಿಡೋಣ. ತುಂಬಾ ರಕ್ತ ಹೋಗ್ತಿದೆ."

ಅವರು ಕಾಗದದಿಂದ ತಲೆ ಎತ್ತಲಿಲ್ಲ. "ತೆಗೆದರೆ ಒಂದು ಕಡಿಮೆ ಆಗುತ್ತೆ. ಆಮೇಲೆ ಇನ್ನೊಬ್ಬಳು ಬರ್ತಾಳೆ, ಮತ್ತೊಬ್ಬಳು ಬರ್ತಾಳೆ. ಈ ಕಾಡಿನ ಜನರನ್ನ ಒಬ್ಬೊಬ್ಬರನ್ನೇ ಕೇಳ್ತಾ ಕೂತರೆ ದೇಶ ಉದ್ಧಾರ ಆಗೋದು ಯಾವಾಗ?"

"ಹೇಳೋದಾದ್ರೂ ಹೇಳಬೇಕಲ್ಲ ಸಾರ್."

"ರೋಗಿಯ ಗುಟ್ಟು ಬಿಡಬಾರದು ಅಂತ ಟ್ರೇನಿಂಗಿನಲ್ಲಿ ಕಲಿಸಿಲ್ವಾ ನಿನಗೆ? ಬಾಯಿ ಬಿಟ್ಟರೆ ನಾಳೆಯಿಂದ ನೀನೂ ಅಡಿಕೆ ಸುಲಿಯಕ್ಕೆ ಹೋಗು. ಕೆಲಸ ಇನ್ನೂ ಖಾಯಂ ಆಗಿಲ್ಲ, ಗೊತ್ತಿರಲಿ."

ನನ್ನ ಸಂಬಳದಲ್ಲಿ ಅಪ್ಪ, ಅವ್ವ, ಅಜ್ಜಿ ಉಣ್ಣುತ್ತಿದ್ದರು. ಬಾಯಿ ಮುಚ್ಚಿದೆ.

ಆದರೆ ಆ ಸಂಜೆ ಮನೆಗೆ ಹೋದಾಗ ಅಜ್ಜಿಗೆ ಹೇಳಿಬಿಟ್ಟೆ. ಅವಳಿಗೆ ಆಗಲೇ ಕಣ್ಣು ಮಂಜು. ಕಂಬಕ್ಕೆ ಒರಗಿ ಕೂತಿದ್ದಳು. ಯಾರ ಹೆಸರೂ ಹೇಳಲಿಲ್ಲ ನಾನು. ಒಬ್ಬಳು ಹೆಂಗಸು ಅಂದೆ. ಕೇಳಿಯಾದ ಮೇಲೆ ಅವಳು ಒಂದೇ ಮಾತು ಅಂದಳು.

"ಕೇಳಿದ್ಯಾ?"

"ಇಲ್ಲ ಅಜ್ಜಿ."

"ಒಂದು ಸಲಾನೂ?"

"ಇಲ್ಲ. ಗುಟ್ಟು ಬಿಡಬಾರ್ದು ಅಂತಾರೆ ಡಾಕ್ಟರು. ನೀನೂ ನೀರಿಗೆ ಬಿಡ್ತಿದ್ಯಲ್ಲ?"

ಅಜ್ಜಿ ಕತ್ತು ನನ್ನ ಕಡೆ ತಿರುಗಿಸಿದಳು. "ಅವಳ ಮೈ ಗುಟ್ಟು ಅವಳದ್ದು ಕಣೆ. ಊರಿಂದ ಮುಚ್ಚಿಟ್ರೆ ಅದು ಗುಟ್ಟು. ಅವಳಿಂದ್ಲೇ ಮುಚ್ಚಿಟ್ರೆ ಅದು ಕದ್ದ ಮಾಲು. ನಾನು ನೀರಿಗೆ ಬಿಟ್ಟಿದ್ದು ಗುಟ್ಟು. ನೀನು ಮಡಿಲಲ್ಲಿಟ್ಕಂಡಿರಾದು ಮಾಲು."

ನಾನು ಎದ್ದು ಹೋಗಿ ಅವಳಿಗೆ ಕುಡಿಯಲು ನೀರು ತಂದೆ. ಅವಳು ಕೈ ಚಾಚಲಿಲ್ಲ.

"ಅಲ್ಲಿಡು. ನಾನೇ ತಡಕಿ ಕುಡೀತೀನಿ."

ಡಾಕ್ಟರು ನೀರು ಚೆಲ್ಲಿದಾಗ ನನಗೆ ಸಿಟ್ಟು ಬಂದಿತ್ತು. ಅಜ್ಜಿ ಮುಟ್ಟದೆ ಇದ್ದಾಗ ಸಿಟ್ಟು ಬರಲಿಲ್ಲ. ಸುಮ್ಮನೆ ಹೊರಗೆ ಬಂದು ನಿಂತೆ. ಆಗಲೂ ರಂಗಕ್ಕನ ಮನೆಗೆ ಹೋಗಲಿಲ್ಲ. ಖಾಯಂ ಆಗಲಿ, ಆಮೇಲೆ ಹೇಳುತ್ತೇನೆ ಅಂದುಕೊಂಡೆ. ಹದಿನೈದು ದಿನ ಹಾಗೇ ಅಂದುಕೊಂಡೆ. ಆ ಹದಿನೈದು ದಿನದಲ್ಲಿ ರಂಗಕ್ಕನ ಅತ್ತೆ ತನ್ನ ಮಗನಿಗೆ, ಅಂದರೆ ರಂಗಕ್ಕನ ಗಂಡ ಕನ್ನಪ್ಪನಿಗೆ, ಸಾಗರದ ಕಡೆಯಿಂದ ಇನ್ನೊಂದು ಹೆಣ್ಣು ನೋಡಿದಳು. ತಾಂಬೂಲ ಬದಲಾಯಿಸುವ ದಿನವೂ ಗೊತ್ತಾಯಿತು. ಬರುವ ಸೋಮವಾರ.

ಅದರ ಹಿಂದಿನ ಗುರುವಾರ ಬೆಳಿಗ್ಗೆ ಡಾಕ್ಟರು ನನ್ನನ್ನು ಒಳಗೆ ಕರೆದರು. ಕಾಂಪೌಂಡರ್ ಹೂವಯ್ಯ ಶಾಯಿ ಪ್ಯಾಡು ತೆರೆದುಕೊಂಡು ಕೂತಿದ್ದ. ಮೂಲೆಯಲ್ಲಿ ಆಯಾ ಶಾಂತಮ್ಮ ತನ್ನ ಹೆಬ್ಬೆಟ್ಟನ್ನು ಸೆರಗಿಗೆ ಉಜ್ಜುತ್ತಿದ್ದಳು. ಮೇಜಿನ ಮೇಲೆ ಒಪ್ಪಿಗೆ ಚೀಟಿಗಳು. ಹೆಸರು, ಗಂಡನ ಹೆಸರು, ತಾರೀಖು ಎಲ್ಲ ಹೂವಯ್ಯನ ಕೈಬರಹ. ಕೆಳಗಿನ ಜಾಗ ಖಾಲಿ. ಶಿವಮೊಗ್ಗದಿಂದ ಲೇಡಿ ಡಾಕ್ಟರು ಮಧ್ಯಾಹ್ನ ತಪಾಸಣೆಗೆ ಬರುತ್ತಾರಂತೆ. ಎಲ್ಲರ ಒಪ್ಪಿಗೆ ಚೀಟಿ ಕೇಳುತ್ತಾರಂತೆ.

"ಶಾಂತಮ್ಮ ಎಂಟು ಒತ್ತಿದಳು. ಅವಳದ್ದೇ ಎಲ್ಲದರಲ್ಲೂ ಬಂದ್ರೆ ಬಂದವ್ರು ಕುರುಡ್ರಾ?" ಹೂವಯ್ಯ ನಕ್ಕ. "ನಿಂದೊಂದು ನಾಲ್ಕು ಕೊಡು ಮಾರಾಯ್ತಿ. ಹೆಬ್ಬೆಟ್ಟೇನು ಸವೆಯಲ್ಲ."

ಮೇಲಿನ ಚೀಟಿ ನೋಡಿದೆ. ರಂಗಮ್ಮ ಕೋಂ ಕನ್ನಪ್ಪ. ನನಗೆ ತಿಳಿಸಿ ಹೇಳಲಾಗಿದೆ, ನಾನು ಸ್ವಂತ ಇಚ್ಛೆಯಿಂದ ಒಪ್ಪಿರುತ್ತೇನೆ.

"ನನಗೆ ರುಜು ಬರುತ್ತೆ ಸಾರ್" ಅಂದೆ. ದಡ್ಡಿಯ ಹಾಗೆ ಅಂದೆ. ಬೇರೆ ಮಾತು ಬಾಯಿಗೆ ಬರಲಿಲ್ಲ.

"ಅವಳಿಗೆ ಬರಲ್ಲವಲ್ಲ. ಒತ್ತು."

ಹೂವಯ್ಯ ನನ್ನ ಕೈ ಹಿಡಿದ. ಅವನೂ ಕೇಳಲಿಲ್ಲ. ಹೆಬ್ಬೆಟ್ಟನ್ನು ಪ್ಯಾಡಿಗೆ ಅದುಮಿದ. ಶಾಯಿ ತಣ್ಣಗೆ ಹತ್ತಿತು. ಕಾಗದದ ಕಡೆಗೆ ಎಳೆದ. ಒಂದು ಬೆರಳಗಲ ಬಾಕಿ ಇತ್ತು. ನನಗೆ ಅಪ್ಪನ ಹೆಬ್ಬೆಟ್ಟು ಕಂಡಿತು. ನೀರಿನ ಅಡಿಯ ನಮ್ಮ ಹೊಸಿಲು ಕಂಡಿತು. ಎದೆಮಟ್ಟದ ಹೊಳೆಯಲ್ಲಿ ಒಂದು ಬೆನ್ನು ಕಂಡಿತು. ಕಣ್ಣುಬಿಟ್ಟು ನಿಂತೇ ಕನಸು ಕಾಣುವ ಕೆಟ್ಟ ಚಾಳಿ ನನ್ನದು. ಆ ದಿನ ಅದು ಕೆಲಸಕ್ಕೆ ಬಂತು.

ಕೈ ಕಿತ್ತುಕೊಂಡೆ.

"ಕೊಡಲ್ಲ."

"ಏನು?"

"ಹೆಬ್ಬೆಟ್ಟು ಕೊಡಲ್ಲ ಸಾರ್. ಇದು ರಂಗಕ್ಕಂದಲ್ಲ. ಅವಳನ್ನ ಯಾರೂ ಕೇಳಿಲ್ಲ. ನಾನು ಔಷಧಿ ಅಂತ ಸುಳ್ಳು ಹೇಳಿದೀನಿ. ಇನ್ನೊಂದು ಸುಳ್ಳು ಹೇಳಲ್ಲ."

ಡಾಕ್ಟರು ಎದ್ದು ನಿಂತರು. "ಕೊಡಲ್ಲ ಅಂದರೆ ಕೆಲಸವೂ ಇಲ್ಲ."

"ಬೇಡ."

ಧೈರ್ಯ ಅಂತ ಯಾರಾದರೂ ಅಂದುಕೊಂಡರೆ ತಪ್ಪು. ಹೆಬ್ಬೆಟ್ಟನ್ನು ಬಿಳಿ ಸೀರೆಗೆ ಒರೆಸಿಕೊಂಡೆ. ಆ ಕಲೆ ಇನ್ನೂ ಹೋಗಿಲ್ಲ.

"ನಿನ್ನ ಜಾತಿ ಬುದ್ಧಿ ತೋರಿಸಿದೆ" ಅಂದರು ಡಾಕ್ಟರು.

"ಹೌದು ಸಾರ್. ನಮ್ಮಲ್ಲಿ ಕೇಳಿ ಮುಟ್ತಾರೆ."

ಶಾಂತಮ್ಮ ಮೂಲೆಯಲ್ಲಿ ಮುಖ ತಗ್ಗಿಸಿದಳು. ಹೂವಯ್ಯ ಹಲ್ಲು ಕಚ್ಚಿ ತನ್ನ ಹೆಬ್ಬೆಟ್ಟನ್ನೇ ಪ್ಯಾಡಿಗೆ ಒತ್ತಿ, ರಂಗಕ್ಕನ ಹೆಸರಿನ ಕೆಳಗೆ ಒತ್ತಿದ. ದುಂಡಗೆ, ಗೆರೆ ಗೆರೆ ಎಣಿಸುವ ಹಾಗೆ ಮೂಡಿತು. ನೋಡಿಕೊಂಡೇ ಹೊರಗೆ ಬಂದೆ.

ಧರ್ಮಪ್ಪಗೌಡರ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರು. ಇಪ್ಪತ್ತು ಹೆಂಗಸರು ಸಾಲಾಗಿ ಮೆಟ್ಟುಗತ್ತಿಯ ಮುಂದೆ ಕೂತಿದ್ದರು. ನವೆಂಬರಿನ ಬಿಸಿಲು. ಚಪ್ಪರದ ಅಡಿಯಲ್ಲಿ ಹಸಿ ಅಡಿಕೆಯ ಚೊಗರಿನ ವಾಸನೆ. ರಂಗಕ್ಕ ಕೊನೆಯಲ್ಲಿದ್ದಳು.

"ಬಂದ್ಳು ನೋಡು ನರ್ಸಮ್ಮ! ಸೀರೆಗೆಂತ ಮಸಿ ಹಚ್ಕಂಡಿದೀಯೇ? ಡಾಕ್ಟ್ರು ದೃಷ್ಟಿ ತೆಗೆದ್ರಾ?" ಅಂದಳು ಒಬ್ಬಳು. ಎಲ್ಲರೂ ನಕ್ಕರು.

"ರಂಗಕ್ಕ, ಹೊರಗೆ ಬಾ."

"ಕೆಲಸ ಬಿಟ್ಟು ಎಲ್ಲಿಗೆ ಬರ್ಲಿ? ಇಲ್ಲೇ ಹೇಳು."

"ಇಲ್ಲಿ ಹೇಳಲ್ಲ. ನಿಂಗೆ ಮಾತ್ರ ಹೇಳದು."

ಬಂದಳು. ಗೊಬ್ಬರದ ಗುಂಡಿಯ ಹಿಂದೆ ನಿಂತು ಹೇಳಿದೆ. ಮೇ ತಿಂಗಳು, ಮೇಜು, ಟಾರ್ಚು, ಬಿಳಿ ಪ್ಲಾಸ್ಟಿಕ್ಕು. ಈಗಲೂ ಒಳಗಿದೆ ಅಂದೆ. ಶಾಪ ಅಲ್ಲ, ಮಗು ಅಲ್ಲ, ಅದು ಅಂದೆ. ತೆಗೆಯಬಹುದು ಅಂದೆ. ತೆಗೆದ ಮೇಲೆ ರಕ್ತ ನಿಲ್ಲಬಹುದು, ಬಸಿರಾಗಲೂಬಹುದು, ಆಗದೆಯೂ ಇರಬಹುದು, ನನಗೆ ಗೊತ್ತಿಲ್ಲ ಅಂದೆ. ಮೊದಲ ಸಲ ಅವಳಿಗೆ ಪೂರ್ತಿ ನಿಜ ಹೇಳಿದೆ.

ಅವಳು ನನ್ನ ಕೆನ್ನೆಗೆ ಹೊಡೆದಳು. ಮೈಯಲ್ಲಿ ರಕ್ತ ಇಲ್ಲದವಳು ಅಷ್ಟು ಗಟ್ಟಿಯಾಗಿ ಹೊಡೆಯುತ್ತಾಳೆ ಅಂದುಕೊಂಡಿರಲಿಲ್ಲ. ಬಾಯಿಗೆ ಚೊಗರಿನ ಕಹಿ ಬಂತು.

"ನೀನು ಔಷಧಿ ಅಂದಿದ್ದೆ."

"ಹೌದು."

"ನಾನು ನಿನ್ನ ಮುಖ ನೋಡಿ ಸುಮ್ನಾದೆ. ಅವ್ರ ಮುಖ ನೋಡಿ ಅಲ್ಲ."

"ಹೌದು ಅಕ್ಕ."

"ಕೊಟ್ಟಿಗೆ ಮೂಲೇಲಿ ಕೂತು ಆ ಮಗೂಗೆ ಬೈದಿದೀನಿ ಕಣೇ. ಸತ್ತ ಮಗೂಗೆ. ನಿಂದೇ ಶಾಪ ಅಂತ. ಒಂದೂವರೆ ವರ್ಷ." ಅವಳು ಅಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಡಿ."

"ಎಲ್ಲಿಗೆ?"

"ಇಟ್ಟಲ್ಲಿಗೆ."

ನಾವು ಹೋದಾಗ ಲೇಡಿ ಡಾಕ್ಟರು ಬಂದಿದ್ದರು. ಜೀಪು ಹೊರಗಿತ್ತು. ಮೇಜಿನ ಮೇಲೆ ಚೀಟಿಗಳು ಹರಡಿದ್ದವು. ರಂಗಕ್ಕ ಜಗುಲಿಯಲ್ಲಿ ನಿಲ್ಲಲಿಲ್ಲ. ನೇರ ಒಳಗೆ ನಡೆದಳು. ಹೂವಯ್ಯ ಅಡ್ಡ ಬಂದ. "ಏ, ಸಾಲಲ್ಲಿ ಬಾ."

"ಸಾಲಲ್ಲಿ ಬಂದೇ ಒಂದೂವರೆ ವರ್ಷ ಆತು, ಸರಿಯಾ" ಅಂದಳು. ಲೇಡಿ ಡಾಕ್ಟರ ಮುಂದೆ ನಿಂತಳು. "ಅಮ್ಮಾ, ನಾನು ರಂಗಮ್ಮ. ಕನ್ನಪ್ಪನ ಹೆಂಡ್ತಿ. ನನ್ನೊಳಗೆ ಇವ್ರು ಏನೋ ಇಟ್ಟಿದಾರೆ. ನಂಗೆ ಹೇಳ್ಲಿಲ್ಲ. ಇವತ್ತೇ ತೆಗೀರಿ."

ಡಾಕ್ಟರ್ ಮುಕುಂದಯ್ಯ ನಕ್ಕರು. "ಇವಳೇ ಒಪ್ಪಿ ಹಾಕಿಸಿಕೊಂಡಿದ್ದು ಮೇಡಂ. ಚೀಟಿ ಇದೆ ನೋಡಿ. ಈಗ ಯಾರೋ ತಲೆಕೆಡಿಸಿದ್ದಾರೆ."

ಲೇಡಿ ಡಾಕ್ಟರು ಚೀಟಿ ಎತ್ತಿಕೊಂಡರು. ಐವತ್ತರ ವಯಸ್ಸು, ದಪ್ಪ ಕನ್ನಡಕ, ದಣಿದ ಮುಖ. "ಇದು ನಿನ್ನ ಹೆಬ್ಬೆಟ್ಟೇನಮ್ಮ?"

ರಂಗಕ್ಕ ಕಾಗದ ನೋಡಿದಳು. ಆಮೇಲೆ ಎರಡೂ ಕೈ ಮೇಲೆತ್ತಿ ಅವರ ಮುಖದ ಮುಂದೆ ಹಿಡಿದಳು.

"ನೀವೇ ನೋಡಿ."

ಹತ್ತು ವರ್ಷ ಅಡಿಕೆ ಸುಲಿದ ಕೈ. ಹೆಬ್ಬೆಟ್ಟು ಚೊಗರು ಹಿಡಿದು ಕಪ್ಪಗೆ, ಮರದ ತೊಗಟೆಯ ಹಾಗೆ ಇತ್ತು. ಅಡ್ಡಡ್ಡ ಕತ್ತಿಯ ಗಾಯ. ಗೆರೆ ಅನ್ನುವುದೇ ಉಳಿದಿರಲಿಲ್ಲ. ಲೇಡಿ ಡಾಕ್ಟರು ಪ್ಯಾಡು ತರಿಸಿ ಒತ್ತಿಸಿದರು. ಒಂದು ಕಪ್ಪು ಗುರುತು ಬಿತ್ತು, ನಡುವೆ ಎರಡು ಬಿಳಿ ಸೀಳು. ಬೇರೇನೂ ಇಲ್ಲ. ಪಕ್ಕದಲ್ಲಿ ಹೂವಯ್ಯನ ದುಂಡಗಿನ ಹೆಬ್ಬೆಟ್ಟು. ಗದ್ದೆ ಕಾಣದ, ಕತ್ತಿ ಕಾಣದ ಹೆಬ್ಬೆಟ್ಟು. ಬೇರೆ ಚೀಟಿಗಳನ್ನೂ ತಿರುಗಿಸಿದರು. ಎಲ್ಲವೂ ದುಂಡಗೆ. ಈ ಸೀಮೆಯ ಕೂಲಿ ಹೆಂಗಸರಲ್ಲಿ ಒಬ್ಬಳ ಬೆರಳೂ ಹಾಗಿಲ್ಲ. ಸುಳ್ಳು ಚೀಟಿ ಮಾಡಿದವರಿಗೆ ಅದು ಹೊಳೆದಿರಲಿಲ್ಲ. ಅವರು ನಮ್ಮ ಕೈ ಯಾವತ್ತೂ ನೋಡಿರಲಿಲ್ಲ.

ನಾನು ಒಂದು ಬಿಳಿ ಹಾಳೆ ಎಳೆದುಕೊಂಡೆ. ನಿಂತೇ ಬರೆದೆ. ರಂಗಮ್ಮ ಕೋಂ ಕನ್ನಪ್ಪ ಇವರನ್ನು ಯಾರೂ ಕೇಳಿಲ್ಲ. ಔಷಧಿ ಎಂದು ಸುಳ್ಳು ಹೇಳಿದವಳು ನಾನು. ಕಾಲು ಹಿಡಿದವಳು ನಾನು. ಚೀಟಿಯ ಹೆಬ್ಬೆಟ್ಟು ಅವರದ್ದಲ್ಲ. ಕೆಳಗೆ ರುಜು ಹಾಕಿದೆ. ಪುಷ್ಪಮ್ಮ ಬಿನ್ ಭೂತಪ್ಪ ಅಂತ ಬರೆದು, ಹೆಣ್ಣಾದ್ದರಿಂದ ಬಿನ್ ಅಲ್ಲ ಅಂತ ನೆನಪಾಗಿ ಹೊಡೆದುಹಾಕಿ, ಭೂತಪ್ಪನ ಮಗಳು ಅಂತ ಬರೆದೆ. ಆ ಹೊಡೆದುಹಾಕಿದ ಗೆರೆ ಈಗಲೂ ಕಣ್ಣಿಗೆ ಕಟ್ಟುತ್ತದೆ.

ಲೇಡಿ ಡಾಕ್ಟರು ಓದಿದರು. ಮಡಚಿ ಫೈಲಿನ ಅಡಿಗೆ ಇಟ್ಟರು. "ಮೊದಲು ಇವಳನ್ನ ಒಳಗೆ ಮಲಗಿಸು" ಅಂದರು.

ರಂಗಕ್ಕ ಅದೇ ಕಬ್ಬಿಣದ ಮೇಜು ಹತ್ತಿ ಮಲಗಿದಳು. ನಾನು ಕೈ ತೊಳೆದುಕೊಂಡು ಹತ್ತಿರ ಹೋದೆ. ಎರಡೂ ಕೈ ಮೇಲೆತ್ತಿ ತೋರಿಸಿದೆ.

"ಮುಟ್ಲೇನಕ್ಕ?"

ಅವಳು ಸೂರು ನೋಡುತ್ತಿದ್ದಳು.

"ಮುಟ್ಲೇನಕ್ಕ?"

ಕಣ್ಣಿನ ಮೂಲೆಯಿಂದ ಒಂದು ಹನಿ ಕಿವಿಯ ಕಡೆಗೆ ಹರಿಯಿತು. ನನ್ನ ಕೈ ಗಾಳಿಯಲ್ಲೇ ಇತ್ತು.

"ಮುಟ್ಲೇನಕ್ಕ?"

"ಬ್ಯಾಡ" ಅಂದಳು. "ನೀನು ಮುಟ್ಟಬ್ಯಾಡ."

ಕೈ ಇಳಿಸಿದೆ. ಹಿಂದೆ ಸರಿದೆ. ಲೇಡಿ ಡಾಕ್ಟರು ನನ್ನನ್ನು ನೋಡಿದರು, ಅವಳನ್ನು ನೋಡಿದರು. ಆಮೇಲೆ ಬಗ್ಗಿ ಮೆಲ್ಲಗೆ, "ನಾನು ತೆಗೀಲೇನಮ್ಮ?" ಅಂದರು. ಅವರಿಗೆ ಅದು ಹೊಸ ಮಾತು ಅಂತ ಕಾಣುತ್ತದೆ, ನಾಲಿಗೆ ತೊಡರಿತು. ರಂಗಕ್ಕ ಹೂಂ ಅಂದಳು. ಟಾರ್ಚು ಶಾಂತಮ್ಮ ಹಿಡಿದಳು. ನಾನು ಹೊರಗೆ ಜಗುಲಿಯಲ್ಲಿ ನಿಂತೆ.

ಸ್ವಲ್ಪ ಹೊತ್ತಿಗೆ ಅವಳ ದನಿ ಕೇಳಿತು. "ಅದನ್ನ ಬಿಸಾಕಬೇಡಿ. ನಂಗೆ ಕೊಡಿ."

ತೊಳೆದು ಕೊಟ್ಟರು. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಒಂದು ಕೈಯಲ್ಲಿ ಗೋಡೆ ಹಿಡಿದು ಇಳಿದು ಹೋದಳು. ನನ್ನ ಕಡೆ ನೋಡಲಿಲ್ಲ. ಆ ಗಂಟನ್ನು ಮನೆಯಲ್ಲಿ ಅತ್ತೆಯ ಮುಂದೆ ಬಿಚ್ಚಿ, "ಇದು ನೋಡಿ ಅತ್ತೆ ನನ್ನ ಬಂಜೆತನ. ಸರ್ಕಾರದ್ದು" ಅಂದಳಂತೆ. ಸೋಮವಾರದ ತಾಂಬೂಲ ನಿಂತಿತು. ಬೇಡ ಅಂದದ್ದಲ್ಲ, ನೋಡೋಣ ಅಂದದ್ದು.

ಆಮೇಲಿನದ್ದು ಹೆಚ್ಚಿಲ್ಲ. ಉಳಿದ ಚೀಟಿಗಳ ಹೆಂಗಸರನ್ನು ಕರೆಸುತ್ತೇವೆ ಅಂದರು. ಯಾರನ್ನೂ ಕರೆಸಲಿಲ್ಲ. ನಾನೇ ನಡೆದು ಹೋಗಿ ಒಬ್ಬೊಬ್ಬಳನ್ನೇ ಕರೆದು ಹೇಳುತ್ತಿದ್ದೇನೆ. ಕೆಲವರು ಬೈದರು. ಒಬ್ಬಳು, "ನಂಗೆ ಐದು ಮಕ್ಕಳು, ಇರಲಿ ಬಿಡು. ಆದ್ರೆ ಹೇಳಬೇಕಿತ್ತು" ಅಂದಳು. ಡಾಕ್ಟರ್ ಮುಕುಂದಯ್ಯ ತೀರ್ಥಹಳ್ಳಿ ಕಡೆಗೆ ವರ್ಗವಾಗಿ ಹೋದರು. ಹೂವಯ್ಯ ಅಲ್ಲೇ ಇದ್ದಾನೆ. ನನ್ನ ಕೆಲಸ ಖಾಯಂ ಆಗಲಿಲ್ಲ. ಈಗ ನಾನೂ ಧರ್ಮಪ್ಪಗೌಡರ ಅಂಗಳದಲ್ಲಿ ಕೂರುತ್ತೇನೆ. ರಂಗಕ್ಕನ ಪಕ್ಕದಲ್ಲಿ ಅಲ್ಲ, ಸಾಲಿನ ಇನ್ನೊಂದು ತುದಿಯಲ್ಲಿ. ಅವಳ ಉಗುರಿಗೆ ಸ್ವಲ್ಪ ಬಣ್ಣ ಬಂದಿದೆ. ಅಷ್ಟು ದೂರದಿಂದ ನೋಡುತ್ತೇನೆ. ನನ್ನ ಹೆಬ್ಬೆಟ್ಟೂ ಕಪ್ಪಾಗುತ್ತಿದೆ.

ಇದನ್ನು ಬರೆಯಬೇಕು ಅನ್ನಿಸಿದಾಗ ಅಜ್ಜಿಯನ್ನು ಕೇಳಿದೆ. "ನನ್ನ ಕೇಳೋದೆಂತಕ್ಕೆ? ಮೈ ಯಾರದ್ದು?" ಅಂದಳು.

ಮೊನ್ನೆ ಕೆಲಸ ಬಿಡುವ ಹೊತ್ತಿಗೆ ರಂಗಕ್ಕನ ಹತ್ತಿರ ಹೋಗಿ ನಿಂತೆ. ಅವಳು ಮೆಟ್ಟುಗತ್ತಿ ಒರೆಸುತ್ತಿದ್ದಳು.

"ಅಕ್ಕ, ಇದನ್ನ ಬರೀಬೇಕು ಅಂತಿದೀನಿ. ಬರೀಲಾ?"

ತಲೆ ಎತ್ತಲಿಲ್ಲ.

"ಬರೀಲಾ ಅಕ್ಕ?"

"ಬರೆದ್ರೆ ಎಂತ ಆಗುತ್ತೆ?"

"ಗೊತ್ತಿಲ್ಲ."

ಸುಳ್ಳು ಹೇಳಲಿಲ್ಲ ಅಂತ ಅವಳಿಗೆ ಗೊತ್ತಾಯಿತು. ಕತ್ತಿ ಕೆಳಗಿಟ್ಟಳು.

"ಬರೀಲಾ?"

"ಬರಿ" ಅಂದಳು. "ಯಾವಳೋ ಒಬ್ಬಳು ಹೆಂಗಸು ಅಂತ ಬರೀಬ್ಯಾಡ. ನನ್ನ ಹೆಸ್ರು ಹಾಕು. ಅವ್ರದ್ದೂ ಹಾಕು. ನಿಂದು ಮೊದ್ಲು ಹಾಕು."

ಹಾಕಿದ್ದೇನೆ.